ಕೈ ಬೀಸಿ ಆಡಿದ ಆಟ: ವೀ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ನಡುವಿನ ಬೆಲೆ ಜಗಳ

2006ರ ನವೆಂಬರ್ 17ಕ್ಕೆ ಅಮೆರಿಕದ ಅಂಗಡಿಗಳಿಗೆ ಸೋನಿಯ ಹೊಸ ಕನ್ಸೋಲ್, ಅಂದರೆ ಟಿವಿಗೆ ಜೋಡಿಸಿ ವಿಡಿಯೋ ಗೇಮ್ ಆಡುವ ಯಂತ್ರ, ಪ್ಲೇಸ್ಟೇಷನ್ 3 ಬಂತು. ಎರಡೇ ದಿನ ಬಿಟ್ಟು, 19ಕ್ಕೆ, ನಿಂಟೆಂಡೊದ ವೀ ಬಂತು. ಮೊದಲನೆಯದಕ್ಕೆ 499 ಡಾಲರ್, ದೊಡ್ಡ ಹಾರ್ಡ್ ಡಿಸ್ಕ್ ಬೇಕೆಂದರೆ 599. ಎರಡನೆಯದಕ್ಕೆ ಸುಮಾರು 250 ಡಾಲರ್, ಜೊತೆಗೆ ಒಂದು ಆಟ ಪುಕ್ಕಟೆ. ಒಂದು ವರ್ಷ ಮೊದಲೇ ಬಂದು ಕೂತಿದ್ದ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಇವೆರಡರ ನಡುವೆ, 299 ಮತ್ತು 399 ಡಾಲರ್‌ನ ಎರಡು ಮಾದರಿಗಳಲ್ಲಿ ಸಿಗುತ್ತಿತ್ತು.

ಮೇಲ್ನೋಟಕ್ಕೆ ನಿಂಟೆಂಡೊ ಸೋಲಬೇಕಿತ್ತು. ಅದರ ಹಿಂದಿನ ಯಂತ್ರ ಗೇಮ್‌ಕ್ಯೂಬ್ ಪ್ರಪಂಚದಲ್ಲೆಲ್ಲ ಸೇರಿ ಮಾರಾಟವಾಗಿದ್ದು ಸುಮಾರು 2.17 ಕೋಟಿ ಮಾತ್ರ. ಅದೇ ಕಾಲದ ಪ್ಲೇಸ್ಟೇಷನ್ 2 ಮುಂದೆ 15 ಕೋಟಿ ದಾಟಿತು. ವೀ ಒಳಗಿನ ಚಿಪ್‌ಗಳಲ್ಲೂ ದೊಡ್ಡ ಹೊಸತನ ಇರಲಿಲ್ಲ, ಗೇಮ್‌ಕ್ಯೂಬ್‌ನವನ್ನೇ ಸ್ವಲ್ಪ ಚುರುಕು ಮಾಡಿದ್ದರು. ಎಚ್‌ಡಿ ಚಿತ್ರವಂತೂ ಬರುತ್ತಲೇ ಇರಲಿಲ್ಲ. ಆದರೂ ಕೊನೆಯ ಲೆಕ್ಕ ನೋಡಿ: ವೀ 10 ಕೋಟಿ ದಾಟಿತು, ಪ್ಲೇಸ್ಟೇಷನ್ 3 ಸುಮಾರು 8.7 ಕೋಟಿಗೆ, ಎಕ್ಸ್‌ಬಾಕ್ಸ್ 360 ಸುಮಾರು 8.4 ಕೋಟಿಗೆ ನಿಂತವು.

ಈ ಕಥೆಯನ್ನು ಸಾಮಾನ್ಯವಾಗಿ ಎರಡು ಜಗಳಗಳಾಗಿ ಹೇಳುತ್ತಾರೆ. ಕೈಯಲ್ಲಿ ಹಿಡಿದು ಬೀಸಿದರೆ ಆಟ ನಡೆಯುವ ವೀಯ ಕಂಟ್ರೋಲರ್‌ದು ಒಂದು, ಬೆಲೆಯದು ಇನ್ನೊಂದು. ನನಗೆ ಅದು ಒಂದೇ ಜಗಳ ಅನ್ನಿಸುತ್ತೆ. ನಿಂಟೆಂಡೊ ಬೆಲೆ ಮತ್ತು ಕಂಟ್ರೋಲರ್ ಎರಡನ್ನೂ ಒಟ್ಟಿಗೆ ಕೂತು ತೀರ್ಮಾನ ಮಾಡಿತು. ಉಳಿದಿಬ್ಬರು ಒಂದನ್ನು ಮೊದಲು ಮಾಡಿ ಇನ್ನೊಂದನ್ನು ಆಮೇಲೆ ಅಂಟಿಸಲು ಹೋದರು. ಮುಂದಿನ ಏಳೆಂಟು ವರ್ಷ ನಡೆದಿದ್ದೆಲ್ಲ ಅದರ ಪರಿಣಾಮ.

2002ರಲ್ಲಿ ಸಟೋರು ಇವಾಟಾ ನಿಂಟೆಂಡೊ ಅಧ್ಯಕ್ಷರಾದರು. ಸ್ವತಃ ಪ್ರೋಗ್ರಾಮರ್ ಆಗಿದ್ದವರು, ಆಗ ವಯಸ್ಸು 42. ಅವರನ್ನು ಕಾಡುತ್ತಿದ್ದ ಚಿಂತೆ ಸೋನಿಯದ್ದಲ್ಲ. ಜಪಾನಿನಲ್ಲಿ ಜನ ವಿಡಿಯೋ ಗೇಮ್ ಆಡೋದನ್ನೇ ಬಿಡುತ್ತಿದ್ದರು. ಕಂಟ್ರೋಲರ್ ಮೇಲೆ ವರ್ಷದಿಂದ ವರ್ಷಕ್ಕೆ ಬಟನ್‌ಗಳು ಜಾಸ್ತಿಯಾಗಿ, ಎರಡು ಕಡ್ಡಿ, ನಾಲ್ಕು ಬಣ್ಣದ ಗುಂಡಿ, ಹಿಂಬದಿಗೆ ಇನ್ನಷ್ಟು ಗುಂಡಿ ಅಂತ ಆಗಿ, ಆಡಿ ಅಭ್ಯಾಸ ಇಲ್ಲದವರು ಅದನ್ನು ಮುಟ್ಟಲೂ ಹಿಂಜರಿಯುತ್ತಿದ್ದರು. ಟಿವಿ ರಿಮೋಟ್ ಮುಟ್ಟಲು ಮಾತ್ರ ಯಾರಿಗೂ ಹೆದರಿಕೆ ಇಲ್ಲ, ಅಲ್ವಾ? 2005ರ ಸೆಪ್ಟೆಂಬರ್‌ನಲ್ಲಿ ಟೋಕಿಯೋ ಗೇಮ್ ಶೋದಲ್ಲಿ ಇವಾಟಾ ಎತ್ತಿ ತೋರಿಸಿದ ಕಂಟ್ರೋಲರ್ ಥೇಟ್ ಟಿವಿ ರಿಮೋಟ್ ಥರವೇ ಇತ್ತು.

ಯಂತ್ರದ ವಿಷಯದಲ್ಲೂ ಅದೇ ಯೋಚನೆ. ಮೂರು ಡಿವಿಡಿ ಡಬ್ಬಿ ಒಂದರ ಮೇಲೊಂದು ಇಟ್ಟಷ್ಟೇ ಗಾತ್ರ ಇರಲಿ ಅಂತ ಇವಾಟಾ ತಮ್ಮವರಿಗೆ ಹೇಳಿದ್ದರು. ಸಣ್ಣ ಡಬ್ಬಿಯೊಳಗೆ ಬಿಸಿಯಾಗುವ ದೊಡ್ಡ ಚಿಪ್ ಹಿಡಿಸುವುದಿಲ್ಲ. ದೊಡ್ಡ ಚಿಪ್ ಇಲ್ಲದಿದ್ದರೆ ಖರ್ಚು ಕಡಿಮೆ, ಕರೆಂಟ್ ಕಡಿಮೆ, ಫ್ಯಾನ್ ಸದ್ದೂ ಕಡಿಮೆ. ಹೀಗೆ ಉಳಿಸಿದ್ದರಿಂದಲೇ ವೀ 250 ಡಾಲರ್‌ಗೆ ಬಂತು, ಜಪಾನಿನಲ್ಲಿ 25,000 ಯೆನ್‌ಗೆ. ಹೊಸ ಕನ್ಸೋಲ್‌ಗಳನ್ನು ಶುರುವಿನಲ್ಲಿ ನಷ್ಟಕ್ಕೆ ಮಾರಿ ಆಮೇಲೆ ಆಟಗಳಲ್ಲಿ ದುಡ್ಡು ತೆಗೆಯುವುದು ಈ ಧಂದೆಯ ಹಳೇ ಪದ್ಧತಿ. ನಿಂಟೆಂಡೊ ಮಾತ್ರ ವೀಯನ್ನು ಮೊದಲ ದಿನದಿಂದಲೇ ಲಾಭಕ್ಕೆ ಮಾರಿತು.

ಆ ರಿಮೋಟ್ ಕೆಲಸ ಮಾಡುವ ಬಗೆ ಸೊಗಸಾಗಿದೆ, ಸ್ವಲ್ಪ ಹತ್ತಿರದಿಂದ ನೋಡೋಣ. ಒಳಗೆ ಅಕ್ಸೆಲೆರೋಮೀಟರ್ ಅನ್ನೋ ಚಿಪ್ ಇದೆ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸ್ಪ್ರಿಂಗ್‌ಗಳ ಮೇಲೆ ಸಿಲಿಕಾನ್‌ನ ಒಂದು ಚೂರು ತೂಗುತ್ತಿರುತ್ತೆ. ಕೈ ಜೋರಾಗಿ ಬೀಸಿದರೆ ಆ ಚೂರು ಒಂದಿಷ್ಟು ಹಿಂದೆ ಉಳಿಯುತ್ತೆ, ಬಸ್ ದಿಢೀರ್ ಹೊರಟಾಗ ನಿಂತವರು ಹಿಂದಕ್ಕೆ ವಾಲುವ ಹಾಗೆ. ಎಷ್ಟು ವಾಲಿತು ಅನ್ನೋದನ್ನು ವಿದ್ಯುತ್ತಿನಿಂದ ಅಳೆಯುತ್ತಾರೆ. ಕಾರಿನ ಏರ್‌ಬ್ಯಾಗ್‌ಗಳಲ್ಲಿ 1990ರ ದಶಕದಿಂದಲೇ ಈ ಥರದ ಚಿಪ್ ಇತ್ತು. ಅಷ್ಟು ಹೊತ್ತಿಗೆ ಸಾಕಷ್ಟು ಅಗ್ಗವೂ ಆಗಿತ್ತು.

ಇನ್ನೊಂದು ಭಾಗ ಟಿವಿ ಮೇಲೆ ಇಡುವ ಸೆನ್ಸರ್ ಬಾರ್. ಹೆಸರು ಹಾಗಿದ್ದರೂ ಅದು ಏನನ್ನೂ ಗ್ರಹಿಸುವುದಿಲ್ಲ. ಅದರ ಎರಡು ತುದಿಯಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪಗಳಿವೆ, ಅಷ್ಟೇ. ಕ್ಯಾಮೆರಾ ಇರೋದು ರಿಮೋಟ್‌ನ ಮೂತಿಯಲ್ಲಿ. ಅದು ಆ ಎರಡು ದೀಪ ನೋಡಿಕೊಂಡು ತಾನು ಯಾವ ಕಡೆ ಮುಖ ಮಾಡಿದೆ ಅಂತ ಲೆಕ್ಕ ಹಾಕುತ್ತೆ. ಸೆನ್ಸರ್ ಬಾರ್ ತೆಗೆದು ಅದೇ ಜಾಗದಲ್ಲಿ ಎರಡು ಮೋಂಬತ್ತಿ ಹಚ್ಚಿಟ್ಟರೂ ರಿಮೋಟ್ ಕೆಲಸ ಮಾಡುತ್ತೆ!

ಕೈ ಆಡಿಸಿ ಆಡುವ ಯೋಚನೆ ನಿಂಟೆಂಡೊಗಿಂತ ಮೊದಲೂ ಇತ್ತು. 1989ರಲ್ಲೇ ಮ್ಯಾಟೆಲ್ ಕಂಪನಿ ಪವರ್ ಗ್ಲೋವ್ ಅನ್ನೋ ಕೈಗವಸು ಮಾರಿತ್ತು, ಅದು ಹೇಳಿದ ಮಾತು ಕೇಳುತ್ತಿರಲಿಲ್ಲ. 2003ರಲ್ಲಿ ಸೋನಿಯೇ ಐಟಾಯ್ ಅನ್ನೋ ಕ್ಯಾಮೆರಾ ತಂದಿತ್ತು, ಅದರ ಮುಂದೆ ನಿಂತು ಕೈ ಆಡಿಸಿದರೆ ಆಟ ನಡೆಯುತ್ತಿತ್ತು. ಆದರೆ ಇವೆಲ್ಲ ಬೇಕಿದ್ದವರು ಬೇರೆಯಾಗಿ ಕೊಳ್ಳುವ ಸಾಮಾನುಗಳು. ಎಲ್ಲರ ಮನೆಯಲ್ಲೂ ಇರುತ್ತೆ ಅನ್ನೋ ಖಾತ್ರಿ ಇಲ್ಲದಿದ್ದರೆ ಅದಕ್ಕಾಗಿ ಆಟ ಬರೆಯುವವರು ಯಾರು? ವೀಯಲ್ಲಿ ಅದು ಪೆಟ್ಟಿಗೆಯೊಳಗೇ ಬಂತು.

ಸೋನಿ ಕಡೆ ಲೆಕ್ಕವೇ ಬೇರೆ. ಪ್ಲೇಸ್ಟೇಷನ್ 3 ಒಳಗೆ ಸೆಲ್ ಅನ್ನೋ ಹೊಸ ಪ್ರೊಸೆಸರ್ ಇತ್ತು, ಎಚ್‌ಡಿ ಸಿನಿಮಾ ಡಿಸ್ಕ್ ಓದುವ ಬ್ಲೂ-ರೇ ಡ್ರೈವ್ ಇತ್ತು. ಆಗ ಬರೀ ಬ್ಲೂ-ರೇ ಪ್ಲೇಯರ್‌ಗೇ ಸಾವಿರ ಡಾಲರ್ ಹತ್ತಿರ ಬೆಲೆ ಇತ್ತು. ಹಾಗಾಗಿ ಸೋನಿಯ ದೃಷ್ಟಿಯಲ್ಲಿ 599 ಡಾಲರ್ ಅಗ್ಗವೇ. ಯಂತ್ರ ಬಿಚ್ಚಿ ಲೆಕ್ಕ ಹಾಕಿದ ಐಸಪ್ಲೈ ಸಂಸ್ಥೆ, 599 ಡಾಲರ್‌ನ ಮಾದರಿ ತಯಾರಿಸಲು ಸುಮಾರು 840 ಡಾಲರ್ ಬೀಳುತ್ತೆ ಅಂತ ಅಂದಾಜು ಮಾಡಿತು. ಅಂದರೆ ಒಂದೊಂದು ಪೆಟ್ಟಿಗೆ ಮಾರಿದಾಗಲೂ ನಷ್ಟ. ಆ ಆರ್ಥಿಕ ವರ್ಷ ಸೋನಿಯ ಗೇಮ್ ವಿಭಾಗಕ್ಕೆ 23,000 ಕೋಟಿ ಯೆನ್‌ಗೂ ಜಾಸ್ತಿ ನಷ್ಟವಾಯಿತು. ನಮ್ಮ ದೇಶಕ್ಕೆ ಈ ಯಂತ್ರ 2007ರ ಏಪ್ರಿಲ್‌ನಲ್ಲಿ ಬಂದಾಗ ಬೆಲೆ 39,990 ರೂಪಾಯಿ. ಆ ಕಾಲಕ್ಕೆ ಎಷ್ಟೋ ಮನೆಗಳಲ್ಲಿ ಅದು ಮೂರ್ನಾಲ್ಕು ತಿಂಗಳ ಸಂಬಳ.

ಕಂಟ್ರೋಲರ್ ವಿಷಯದಲ್ಲಿ ಸೋನಿ ಮಾಡಿದ್ದು ನನಗೆ ಈಗಲೂ ಬೇಜಾರು ತರಿಸುತ್ತೆ. 2006ರ ಮೇ ತಿಂಗಳಲ್ಲಿ, ನಿಂಟೆಂಡೊ ರಿಮೋಟ್ ತೋರಿಸಿ ಎಂಟು ತಿಂಗಳಾದ ಮೇಲೆ, ಲಾಸ್ ಏಂಜಲೀಸ್‌ನ ಇ3 ಅನ್ನೋ ವಿಡಿಯೋ ಗೇಮ್ ಮೇಳದಲ್ಲಿ ತಮ್ಮ ಕಂಟ್ರೋಲರ್ ಕೂಡ ಓರೆಯಾಗಿಸಿದರೆ ಗ್ರಹಿಸುತ್ತೆ ಅಂತ ಹೇಳಿದರು. ಹೆಸರು ಸಿಕ್ಸಾಕ್ಸಿಸ್. ಆದರೆ ಸುಮಾರು ಹತ್ತು ವರ್ಷದಿಂದ ಕೈಗೆ ಅಭ್ಯಾಸವಾಗಿದ್ದ ಕಂಪನ, ಅಂದರೆ ಆಟದ ಜೊತೆ ಕಂಟ್ರೋಲರ್ ನಡುಗುವುದು, ಅದರಲ್ಲಿ ಇರಲಿಲ್ಲ. ಕಂಪನ ಇದ್ದರೆ ಚಲನೆ ಗ್ರಹಿಸೋಕೆ ತೊಂದರೆ ಆಗುತ್ತೆ ಅನ್ನೋದು ಸೋನಿ ಕೊಟ್ಟ ಕಾರಣ. ಅದೇ ಹೊತ್ತಿಗೆ ಕಂಪನದ ಪೇಟೆಂಟ್ ಬಗ್ಗೆ ಇಮ್ಮರ್ಷನ್ ಅನ್ನೋ ಕಂಪನಿ ಜೊತೆ ಕೋರ್ಟಿನಲ್ಲಿ ಕೇಸು ನಡೆಯುತ್ತಿತ್ತು. 2007ರ ಮಾರ್ಚ್‌ನಲ್ಲಿ ಅದು ರಾಜಿಯಾಯಿತು. ಆಮೇಲೆ ಬಂದ ಡ್ಯುಯಲ್‌ಶಾಕ್ 3ರಲ್ಲಿ ಕಂಪನವೂ ಇತ್ತು, ಚಲನೆಯೂ ಇತ್ತು, ಎರಡೂ ಚೆನ್ನಾಗಿಯೇ ಕೆಲಸ ಮಾಡಿದವು.

ಅತ್ತ ವೀ ಮನೆಮನೆಗೆ ಹೋಗುತ್ತಿತ್ತು. ನಮ್ಮ ದೊಡ್ಡಮ್ಮ 2008ರ ಕೊನೆಗೆ ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೋಗಿದ್ದರು. ಹೊರಗೆ ಹಿಮ, ಮನೆಯೊಳಗೆ ಹೀಟರ್, ಮಾತಾಡೋಕೆ ಅಕ್ಕಪಕ್ಕದವರಿಲ್ಲ. ಸಂಜೆ ಅಳಿಯ ಕೆಲಸದಿಂದ ಬಂದು ವೀ ಹಾಕುತ್ತಿದ್ದರು. ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ರಿಮೋಟ್‌ನ ದಾರ ಮಣಿಕಟ್ಟಿಗೆ ಹಾಕಿಕೊಂಡು, ಹಿಂಬದಿಯ ಗುಂಡಿ ಒತ್ತಿ ಹಿಡಿದು ತೋಳು ಹಿಂದಕ್ಕೆ ತೆಗೆದು ಮುಂದಕ್ಕೆ ಬೀಸಿ ಗುಂಡಿ ಬಿಟ್ಟರೆ ಟಿವಿಯಲ್ಲಿ ಬೌಲಿಂಗ್ ಚೆಂಡು ಉರುಳುತ್ತಿತ್ತು. ಜೀವನದಲ್ಲಿ ಒಂದು ದಿನ ವಿಡಿಯೋ ಗೇಮ್ ಮುಟ್ಟಿದವರಲ್ಲ. ಫೋನ್ ಮಾಡಿದರೆ ಮಗುವಿನ ಸುದ್ದಿ ಮುಗಿಸಿ ಮುಂದಿನ ಮಾತೇ "ಇವತ್ತು ಎರಡು ಸಲ ಹತ್ತಕ್ಕೆ ಹತ್ತೂ ಬೀಳಿಸಿದೆ ಕಣೋ" ಅಂತ. ಇವಾಟಾ ಹುಡುಕುತ್ತಿದ್ದ ಗಿರಾಕಿ ನಮ್ಮ ದೊಡ್ಡಮ್ಮನೇ ಅನ್ನಿಸುತ್ತೆ ನನಗೆ.

ಆ ದಾರಕ್ಕೂ ಒಂದು ಕಥೆ ಇದೆ. ಶುರುವಿನಲ್ಲಿ ಜನ ಹುರುಪಿನಲ್ಲಿ ಬೀಸಿದ ರಭಸಕ್ಕೆ ದಾರ ಕಿತ್ತು, ರಿಮೋಟ್ ಹಾರಿ ಟಿವಿಗೇ ಬಡಿಯುತ್ತಿತ್ತು. ಯಂತ್ರ ಬಂದ ತಿಂಗಳೊಳಗೇ, 2006ರ ಡಿಸೆಂಬರ್‌ನಲ್ಲಿ, ನಿಂಟೆಂಡೊ ಸುಮಾರು 32 ಲಕ್ಷ ದಾರಗಳನ್ನು ಪುಕ್ಕಟೆ ಬದಲಿಸಿ ಕೊಡುವುದಾಗಿ ಹೇಳಿತು. 0.6 ಮಿಲಿಮೀಟರ್ ಇದ್ದ ದಾರ 1 ಮಿಲಿಮೀಟರ್ ಆಯಿತು. ಮುಂದಿನ ವರ್ಷ ರಿಮೋಟ್‌ಗೆ ಮೆತ್ತನೆಯ ಸಿಲಿಕೋನ್ ಕವಚ ಕೊಟ್ಟರು. ವೀ ಟೆನಿಸ್ ಆಡಿ ಭುಜ ನೋವು ಬಂದ ಬಗ್ಗೆ 2007ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಪತ್ರವೇ ಪ್ರಕಟವಾಯಿತು. ಇನ್ನೊಂದು ಕಡೆ, ವೃದ್ಧಾಶ್ರಮಗಳಲ್ಲಿ ವೀ ಬೌಲಿಂಗ್ ಪಂದ್ಯಗಳು ಶುರುವಾದವು, ಫಿಸಿಯೋಥೆರಪಿಯವರು ರೋಗಿಗಳ ಕೈಗೆ ರಿಮೋಟ್ ಕೊಟ್ಟರು.

ಬೆಲೆ ಇಳಿಸುವ ಆಟ ಆಗ ಶುರುವಾಯಿತು. 2007ರಲ್ಲಿ ಸೋನಿ ಮೊದಲು ನೂರು ಡಾಲರ್ ಇಳಿಸಿತು, ವರ್ಷದ ಕೊನೆಗೆ 399ಕ್ಕೆ ಬಂತು. ಮೈಕ್ರೋಸಾಫ್ಟ್ ಬೇರೆ ತಲೆನೋವಿನಲ್ಲಿತ್ತು. ಎಕ್ಸ್‌ಬಾಕ್ಸ್ 360 ಬಿಸಿಯಾಗಿ ಕೆಡುತ್ತಿತ್ತು, ಮುಂದೆ ಮೂರು ಕೆಂಪು ದೀಪ ಹತ್ತಿದರೆ ಯಂತ್ರ ಹೋಯಿತು ಅಂತಲೇ ಅರ್ಥ. ವಾರಂಟಿ ಮೂರು ವರ್ಷಕ್ಕೆ ಹೆಚ್ಚಿಸಿ, ಅದಕ್ಕಾಗಿ ನೂರು ಕೋಟಿ ಡಾಲರ್‌ಗೂ ಜಾಸ್ತಿ ತೆಗೆದಿಡಬೇಕಾಯಿತು. ಆದರೂ 2008ರ ಸೆಪ್ಟೆಂಬರ್‌ನಲ್ಲಿ ಅದರ ಅಗ್ಗದ ಮಾದರಿಯನ್ನು 199 ಡಾಲರ್‌ಗೆ ಇಳಿಸಿದರು. ಇಲ್ಲಿ ಸ್ವಲ್ಪ ನಿಲ್ಲಬೇಕು. ಈಗ ಎಕ್ಸ್‌ಬಾಕ್ಸ್ ವೀಗಿಂತ 50 ಡಾಲರ್ ಕಡಿಮೆ, ಶಕ್ತಿಯಲ್ಲಿ ಎಷ್ಟೋ ಮುಂದೆ. ಆದರೂ ಆ ವರ್ಷ ಅಮೆರಿಕದಲ್ಲಿ ಜನ ಸಾಲು ನಿಂತು ಕೊಂಡಿದ್ದು ವೀಯನ್ನೇ. ಬೆಲೆ ಒಂದೇ ಸಾಕಾಗಿದ್ದರೆ ಹೀಗೆ ಆಗುತ್ತಿರಲಿಲ್ಲ.

2009ರಲ್ಲಿ ಮೂವರೂ ಒಟ್ಟಿಗೆ ಇಳಿಸಿದರು. ಆಗಸ್ಟ್‌ನಲ್ಲಿ ಸೋನಿ ತೆಳ್ಳನೆಯ ಪ್ಲೇಸ್ಟೇಷನ್ 3ನ್ನು 299ಕ್ಕೆ ಘೋಷಿಸಿತು, ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ತನ್ನ ದುಬಾರಿ ಮಾದರಿಯನ್ನು ಅದೇ ಬೆಲೆಗೆ ತಂದಿತು, ಸೆಪ್ಟೆಂಬರ್ ಕೊನೆಗೆ ವೀ 199 ಆಯಿತು. ಅದೇ ವರ್ಷ ನಿಂಟೆಂಡೊ ತನ್ನ ರಿಮೋಟ್‌ನ ಒಂದು ಹಳೇ ಕೊರತೆಯನ್ನೂ ಸರಿಮಾಡಿತು. ಅಕ್ಸೆಲೆರೋಮೀಟರ್‌ಗೆ ಬೀಸಿದ್ದು ಗೊತ್ತಾಗುತ್ತೆ, ಮಣಿಕಟ್ಟು ತಿರುಗಿಸಿದ್ದು ಸರಿಯಾಗಿ ಗೊತ್ತಾಗಲ್ಲ. ಸೋಫಾ ಮೇಲೆ ಕೂತು ಸುಮ್ನೆ ಕೈ ಕೊಡವಿದರೂ ಟೆನಿಸ್ ಗೆಲ್ಲಬಹುದು ಅನ್ನೋದು ಮಕ್ಕಳಿಗೆ ವಾರದೊಳಗೇ ತಿಳಿದಿತ್ತು. ಮೋಷನ್‌ಪ್ಲಸ್ ಅನ್ನೋ ಸಣ್ಣ ತುಂಡು ರಿಮೋಟ್‌ನ ಬುಡಕ್ಕೆ ಸಿಕ್ಕಿಸಿದರೆ ಒಳಗಿನ ಗೈರೋಸ್ಕೋಪ್ ಆ ತಿರುವನ್ನೂ ಹಿಡಿಯುತ್ತಿತ್ತು.

ಪ್ರತಿಸ್ಪರ್ಧಿಗಳ ನಿಜವಾದ ಉತ್ತರ ಬಂದಿದ್ದು 2010ರಲ್ಲಿ. ಸೆಪ್ಟೆಂಬರ್‌ಗೆ ಸೋನಿಯ ಮೂವ್ ಬಂತು. ಕೋಲಿನ ತುದಿಯಲ್ಲಿ ಹೊಳೆಯುವ ಚೆಂಡು, ಟಿವಿ ಹತ್ತಿರ ಕ್ಯಾಮೆರಾ. ಚೆಂಡು ಕ್ಯಾಮೆರಾಗೆ ದೊಡ್ಡದಾಗಿ ಕಂಡರೆ ಹತ್ತಿರ ಇದೆ, ಚಿಕ್ಕದಾಗಿ ಕಂಡರೆ ದೂರ ಇದೆ. ವೀಗಿಂತ ತುಂಬಾ ನಿಖರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೋಲಿಗೆ 50 ಡಾಲರ್, ಎಡಗೈಗೆ ಬೇಕಾದ ಇನ್ನೊಂದು ಕಂಟ್ರೋಲರ್‌ಗೆ 30, ಕ್ಯಾಮೆರಾ ಬೇರೆ. ಇಬ್ಬರು ಆಡಬೇಕೆಂದರೆ ಕಂಟ್ರೋಲರ್‌ಗಳೆಲ್ಲ ಎರಡೆರಡು. ಕ್ಯಾಮೆರಾನೂ ಸೇರಿಸಿದರೆ ಆ ದುಡ್ಡಿಗೆ ಹೆಚ್ಚುಕಡಿಮೆ ಒಂದು ವೀ ಬರುತ್ತಿತ್ತು.

ನವೆಂಬರ್ 4ಕ್ಕೆ ಮೈಕ್ರೋಸಾಫ್ಟ್‌ನ ಕಿನೆಕ್ಟ್ ಬಂತು, 149.99 ಡಾಲರ್. ಕೈಯಲ್ಲಿ ಏನೂ ಹಿಡಿಯುವ ಹಾಗಿಲ್ಲ, ಮೈಯೇ ಕಂಟ್ರೋಲರ್. ಇಸ್ರೇಲಿನ ಪ್ರೈಮ್‌ಸೆನ್ಸ್ ಕಂಪನಿಯ ತಂತ್ರ ಅದು: ಕೋಣೆಯ ಮೇಲೆ ಕಾಣದ ಬೆಳಕಿನ ಸಾವಿರಾರು ಚುಕ್ಕೆ ಚೆಲ್ಲಿ, ಆ ಚುಕ್ಕೆಗಳು ಎಲ್ಲೆಲ್ಲಿ ಸರಿದಿವೆ ಅಂತ ನೋಡಿ ದೂರ ಅಳೆಯುವುದು. ಮೊದಲು ಕ್ಯಾಮೆರಾದೊಳಗೇ ಪ್ರತ್ಯೇಕ ಪ್ರೊಸೆಸರ್ ಇಡುವ ಯೋಚನೆ ಇತ್ತು. ಅದನ್ನು ಕೈಬಿಟ್ಟು ಆ ಕೆಲಸವನ್ನು ಕನ್ಸೋಲ್‌ನ ತಲೆಗೇ ಕಟ್ಟಿದರು. ಮೊದಲ 60 ದಿನದಲ್ಲಿ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆಯಾಯಿತು. ಕುಣಿಯುವ ಆಟಗಳಿಗೆ ಅದಕ್ಕಿಂತ ಒಳ್ಳೆಯದು ಇರಲಿಲ್ಲ. ಬೇರೆ ಆಟಗಳಿಗೆ ಮಾತ್ರ ಗುಂಡಿಯೇ ಇಲ್ಲದೆ, ಕೈ ಎತ್ತಿದ್ದಕ್ಕೂ ಪರದೆಯಲ್ಲಿ ಕಂಡಿದ್ದಕ್ಕೂ ನಡುವೆ ಗೊತ್ತಾಗುವಷ್ಟು ತಡವಾಗಿ, ಕಷ್ಟವಾಗುತ್ತಿತ್ತು. ಟಿವಿ ಮುಂದೆ ಆರೆಂಟು ಅಡಿ ಖಾಲಿ ಜಾಗವೂ ಬೇಕಿತ್ತು. ಬೆಂಗಳೂರಿನ ಬಾಡಿಗೆ ಮನೆಯ ಹಾಲ್‌ನಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು?

2013ರ ಜೂನ್ 10ರಂದು ಈ ಜಗಳದ ದೊಡ್ಡ ತೀರ್ಪು ಬಂತು. ಅದೇ ಇ3 ಮೇಳ. ಬೆಳಿಗ್ಗೆ ಮೈಕ್ರೋಸಾಫ್ಟ್, ತನ್ನ ಮುಂದಿನ ಯಂತ್ರ ಎಕ್ಸ್‌ಬಾಕ್ಸ್ ಒನ್ ಬೆಲೆ 499 ಡಾಲರ್ ಅಂತ ಹೇಳಿತು. ಕಿನೆಕ್ಟ್ ಪೆಟ್ಟಿಗೆಯೊಳಗೇ ಇರುತ್ತೆ, ಬೇಡ ಅಂದರೂ ಕೊಳ್ಳಲೇಬೇಕು. ಸಂಜೆ ಸೋನಿ ವೇದಿಕೆ ಹತ್ತಿ ಪ್ಲೇಸ್ಟೇಷನ್ 4ಕ್ಕೆ 399 ಅಂದಾಗ ಸಭೆಯಲ್ಲಿ ಕೂಗೋ ಕೂಗು. ಸೋನಿ ತನ್ನ ಕ್ಯಾಮೆರಾವನ್ನು ಪೆಟ್ಟಿಗೆಯಿಂದ ತೆಗೆದಿತ್ತು. ಅಮೆರಿಕ ಸರ್ಕಾರ ಜನರ ಫೋನು, ಇಂಟರ್‌ನೆಟ್ ಮೇಲೆ ಕಣ್ಣಿಟ್ಟಿರುವ ಸುದ್ದಿ ಹೊರಬಿದ್ದಿದ್ದೂ ಅದೇ ವಾರಗಳಲ್ಲಿ. ಸದಾ ಕಿವಿ ತೆರೆದಿರುವ ಕ್ಯಾಮೆರಾ ಮನೆಯೊಳಗೆ ಯಾರಿಗೆ ಬೇಕಿತ್ತು? ಒಂದು ವರ್ಷದಲ್ಲಿ, 2014ರ ಜೂನ್‌ಗೆ, ಮೈಕ್ರೋಸಾಫ್ಟ್ ಕಿನೆಕ್ಟ್ ಇಲ್ಲದ ಎಕ್ಸ್‌ಬಾಕ್ಸ್‌ನ್ನು 399ಕ್ಕೆ ತಂದಿತು. ಅಷ್ಟರಲ್ಲಿ ಸೋನಿ ಮುಂದೆ ಹೋಗಿಯಾಗಿತ್ತು. 2017ರಲ್ಲಿ ಕಿನೆಕ್ಟ್ ತಯಾರಿಕೆ ನಿಂತಿತು.

ನಿಂಟೆಂಡೊ ಕೂಡ ಎಡವಿತು. ವೀ ಆದಮೇಲೆ 2012ರಲ್ಲಿ ತಂದ ಯಂತ್ರ ವೀ ಯು ಬರೀ 1.35 ಕೋಟಿ ಚಿಲ್ಲರೆಗೆ ನಿಂತುಹೋಯಿತು. ಕೈಯಲ್ಲಿ ಹಿಡಿಯುವ ಪರದೆ ಇದ್ದ ಆ ಕಂಟ್ರೋಲರ್ ಏನಕ್ಕೆ ಅಂತ ನಮ್ಮ ದೊಡ್ಡಮ್ಮನಂಥವರಿಗೆ ಹೇಳಿ ಅರ್ಥ ಮಾಡಿಸೋದು ಆಗಲಿಲ್ಲ.

ತಂತ್ರಜ್ಞಾನ ಮಾತ್ರ ಉಳಿಯಿತು. ಕಿನೆಕ್ಟ್ ಬಂದ ವಾರದೊಳಗೇ ಹವ್ಯಾಸಿಗಳು ಅದನ್ನು ಕಂಪ್ಯೂಟರಿಗೆ ಜೋಡಿಸುವ ದಾರಿ ಕಂಡುಕೊಂಡಿದ್ದರು, ಆಮೇಲೆ ರೋಬಾಟ್ ಮಾಡುವ ಎಷ್ಟೋ ಲ್ಯಾಬ್‌ಗಳಲ್ಲಿ ಅದು ಅಗ್ಗದ ಕಣ್ಣಾಯಿತು. ಪ್ರೈಮ್‌ಸೆನ್ಸ್‌ನ್ನು 2013ರಲ್ಲಿ ಆಪಲ್ ಕೊಂಡುಕೊಂಡಿತು. 2017ರಿಂದ ಐಫೋನ್ ಮುಖ ಗುರುತಿಸಲು ಬಳಸುತ್ತಿರುವುದೂ ಅಂಥದ್ದೇ ಚುಕ್ಕೆ ಚೆಲ್ಲುವ ವಿಧಾನ. ಸೋನಿ ತನ್ನ ಮೂವ್ ಕೋಲುಗಳನ್ನು 2016ರಲ್ಲಿ ಕಣ್ಣಿಗೆ ಕಟ್ಟಿಕೊಂಡು ಆಡುವ ವಿಆರ್ ಹೆಡ್‌ಸೆಟ್ ಜೊತೆ ಮತ್ತೆ ಹೊರತೆಗೆಯಿತು. 2017ರ ಮಾರ್ಚ್‌ನಲ್ಲಿ 299 ಡಾಲರ್‌ಗೆ ಬಂದ ನಿಂಟೆಂಡೊ ಸ್ವಿಚ್‌ನ ಎರಡೂ ಪುಟಾಣಿ ಕಂಟ್ರೋಲರ್‌ಗಳಲ್ಲಿ ಗೈರೋಸ್ಕೋಪ್ ಇದೆ. ಬೇಕಾದವರು ಕೈ ಬೀಸಬಹುದು, ಬೇಡದವರು ಗುಂಡಿ ಒತ್ತಿಕೊಂಡು ಆಡಬಹುದು. 2022ರ ಏಪ್ರಿಲ್‌ನಲ್ಲಿ ಅದಕ್ಕೂ ಹೊಸ ಬೌಲಿಂಗ್ ಆಟ ಬಂತು.

ಆ ವರ್ಷ ರಜೆಗೆ ಶಿವಮೊಗ್ಗಕ್ಕೆ ಬಂದಾಗ, ದೊಡ್ಡಮ್ಮ ಬಾಣಂತನ ಮಾಡಿದ ಆ ಮೊಮ್ಮಗ ಸ್ವಿಚ್ ತಂದಿದ್ದ. ಹದಿಮೂರು ವರ್ಷದ ಹುಡುಗ. ಹಾಲ್‌ನ ಟಿವಿಗೆ ಜೋಡಿಸಿ ಅಜ್ಜಿಯ ಕೈಗೆ ಕಂಟ್ರೋಲರ್ ಕೊಟ್ಟ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದರ ದಾರ ಎಲ್ಲೋ?" ಅಂತ ಕೇಳಿದರು. ಅವನು ಬ್ಯಾಗೆಲ್ಲ ತಡಕಿ ಹುಡುಕಿ ತಂದ. ಅದನ್ನು ಮಣಿಕಟ್ಟಿಗೆ ಬಿಗಿ ಮಾಡಿಕೊಂಡ ಮೇಲೇ ದೊಡ್ಡಮ್ಮ ಎದ್ದು ನಿಂತಿದ್ದು.