ಮೊದಲ ಕೆಲಸ ಬೆಂಗಳೂರಲ್ಲಾ, ಕಲಬುರಗಿಯಲ್ಲಾ?

ಪ್ರಶ್ನೆ: ಮೇಡಂ, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿದಿದೆ. ಬೆಂಗಳೂರಿನ ಆಸ್ಪತ್ರೆಯೊಂದು 18 ಸಾವಿರ ಕೊಡ್ತೀವಿ ಅಂತಿದೆ. ಇಲ್ಲೇ ಕಲಬುರಗಿಯಲ್ಲಿ 12 ಸಾವಿರ. ಯಾವುದಕ್ಕೆ ಸೇರಲಿ?

ಪ್ರತಿ ಸಲ ರಿಸಲ್ಟ್ ಬಂದ ಮೇಲೆ ಇದೇ ಪ್ರಶ್ನೆ. ಊರು, ಸಂಬಳ, ಇಷ್ಟೇ ಬರೆದಿರುತ್ತೀರಿ. ಎಷ್ಟು ಬೆಡ್, ಯಾವ ವಾರ್ಡು ಅನ್ನೋದು ಇರುವುದೇ ಇಲ್ಲ. ಪಿಜಿ ಬಾಡಿಗೆ, ಊಟ ಕಳೆದು ಕೈಗೆ ಎಷ್ಟು ಉಳಿಯುತ್ತದೆ ಅನ್ನೋ ಲೆಕ್ಕಕ್ಕೆ ನಾನು ಬೇಕಿಲ್ಲ, ಅಲ್ವಾ?

ನನ್ನ ಜಗಳ ಇರುವುದು ‘ಬೆಂಗಳೂರಿನ ಎಕ್ಸ್‌ಪೀರಿಯನ್ಸ್ ಮಾತ್ರ ಲೆಕ್ಕಕ್ಕೆ ಬರುತ್ತದೆ’ ಅನ್ನೋ ಮಾತಿನ ಜೊತೆ. ಸೀನಿಯರ್ ಹೇಳಿದರು ಅಂತೀರಿ. ಅವರಿಗೆ ಅವರ ಸೀನಿಯರ್ ಹೇಳಿದ್ದು. ನೇಮಕಾತಿಯ ನೋಟಿಫಿಕೇಶನ್ ಓದಿದವರು ಯಾರೂ ಇಲ್ಲ. ಏಮ್ಸ್‌ನ ನರ್ಸ್ ನೇಮಕದ ನಾರ್ಸೆಟ್ ಪರೀಕ್ಷೆಯನ್ನೇ ತಗೊಳ್ಳಿ. ಜಿಎನ್‌ಎಂ ಆದವರಿಗೆ ಕನಿಷ್ಠ 50 ಬೆಡ್ ಇರುವ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಕೇಳುತ್ತಾರೆ. ಬಿ.ಎಸ್ಸಿ. ನರ್ಸಿಂಗ್ ಆದವರಿಗೆ ಅದೂ ಬೇಡ. ಊರಿನ ಹೆಸರು ಎಲ್ಲಿದೆ ತೋರಿಸಿ! ಬೆಂಗಳೂರಿನ 30 ಬೆಡ್ ನರ್ಸಿಂಗ್ ಹೋಮ್‌ನಲ್ಲಿ ಎರಡು ವರ್ಷ ದುಡಿದರೂ ಅಲ್ಲಿ ಅರ್ಜಿ ನಿಲ್ಲುವುದಿಲ್ಲ. ಇಲ್ಲೇ ಕಲಬುರಗಿಯ ಸೇಡಂ ರಸ್ತೆಯ 100 ಬೆಡ್ ಆಸ್ಪತ್ರೆಯದ್ದು ನಿಲ್ಲುತ್ತದೆ. ‘ಆದರೂ ಮೇಡಂ, ಬೆಂಗಳೂರು ಅಂದ್ರೆ...’ ಅಂತ ಇನ್ನೂ ಒಬ್ಬರು ಬರೆಯುತ್ತಾರೆ, ನನಗೆ ಗೊತ್ತು.

ಕೆಲಸ ಕಲಿಯುವುದಕ್ಕೂ ಊರಿಗೂ ಸಂಬಂಧವಿಲ್ಲ. ಐಸಿಯುನಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್ ಅನ್ನುತ್ತದೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್. ನಡೆಯುವುದು ಬೇರೆ. ಹೊಸಬರನ್ನು ಮೊದಲ ವಾರವೇ ಒಬ್ಬರನ್ನೇ ನೈಟ್ ಡ್ಯೂಟಿಗೆ ಬಿಡುತ್ತಾರಾ ಅಂತ ವಿಚಾರಿಸಿ. ಎಚ್‌ಆರ್‌ನವರನ್ನಲ್ಲ, ಬೆಳಿಗ್ಗೆ ಡ್ಯೂಟಿ ಮುಗಿಸಿ ಗೇಟಿಗೆ ಬರುವ ಸಿಸ್ಟರ್‌ನ ಕೇಳಿ. ಕಲಬುರಗಿಯದ್ದು 50 ಬೆಡ್ ದಾಟಿದ್ದರೆ, ಪಕ್ಕದಲ್ಲಿ ಕಲಿಸುವ ಸೀನಿಯರ್ ಇದ್ದರೆ, ಅಲ್ಲೇ ಸೇರಿ.

ಪಿಎಫ್ ಕಟ್ಟುತ್ತಾರಾ ಅಂತಲೂ ನೋಡಿ. 20 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಡೆ ಕಟ್ಟಲೇಬೇಕು. ನಾಳೆ ಅನುಭವ ಪತ್ರ ಕೊಡಲು ಸತಾಯಿಸಿದರೆ ಪಾಸ್‌ಬುಕ್ ಸಾಕ್ಷಿ ಹೇಳುತ್ತದೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೋರಿಸಿ, ಜೆರಾಕ್ಸ್ ಕೊಟ್ಟು ಬನ್ನಿ.

ಯಾರೂ ಕೇಳದ ಇನ್ನೊಂದು ವಿಷಯ. ಬೆಂಗಳೂರಿಗೆ ಹೋದರೆ ಕಲ್ಯಾಣ ಕರ್ನಾಟಕದವರಿಗೆ ಇರುವ 371(ಜೆ) ಮೀಸಲಾತಿ ಹೋಗುತ್ತದೆ ಅಂತ ಕೆಲವು ಮನೆಗಳಲ್ಲಿ ಸುಮ್ನೆ ಹೆದರುತ್ತಾರೆ. ನೌಕರಿ ಮಾಡುವ ಊರು ಬದಲಾದ ಮಾತ್ರಕ್ಕೆ ಅದು ಹೋಗುವುದಿಲ್ಲ. ಆದರೆ ಎಸಿ (ಅಸಿಸ್ಟೆಂಟ್ ಕಮಿಷನರ್) ಆಫೀಸಿನಿಂದ ಅದರ ಅರ್ಹತಾ ಪತ್ರ ಮಾಡಿಸಿಕೊಂಡಿದ್ದೀರಾ? ರೈಲು ಹತ್ತುವ ಮೊದಲೇ ಮಾಡಿಸಿ. ಸ್ಟಾಫ್ ನರ್ಸ್ ಹುದ್ದೆಗೆ ಅರ್ಜಿ ಕರೆದ ಮೇಲೆ ರಜೆ ಹಾಕಿ ಓಡಿಬರುವ ಪಾಡು ಬೇಡ. ಹೊಸ ಕೆಲಸದಲ್ಲಿ ರಜೆ ಯಾರು ಕೊಡುತ್ತಾರೆ?