ಮಳೆ ಅಂಬುತೀರ್ಥದಲ್ಲಿ, ಲೆಕ್ಕ ಲಿಂಗನಮಕ್ಕಿಯಲ್ಲಿ

ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ತೀರ್ಥಹಳ್ಳಿ ಕಡೆ ಒಂದು ಮಾತು ಕೇಳಿಯೇ ಕೇಳುತ್ತದೆ. "ಮಲೆನಾಡಿನ ನೀರೇ ಹಂಗೆ ಮಾರಾಯ್ರೆ, ಮಕ್ಕಳು ಹುಟ್ಟಾ ಬುದ್ಧಿವಂತರು." ನೀರಿನಲ್ಲಿ ಅಷ್ಟು ಬುದ್ಧಿ ಇದ್ದಿದ್ದರೆ ತುಂಗೆಯ ಮೀನುಗಳೆಲ್ಲ ಇಷ್ಟೊತ್ತಿಗೆ ಇಂಜಿನಿಯರ್ ಆಗಿರಬೇಕಿತ್ತು. ಹೆಮ್ಮೆ ಇರಲಿ. ಆದರೆ ಯಾವ ಊರಿನ ಎಷ್ಟು ಮಕ್ಕಳು ಡಿಗ್ರಿಗೆ ಹೋಗುತ್ತಾರೆ ಅಂತ ಅಳೆದು ನೋಡಿದವರು ಯಾರು?

ಕೇಳಿದರೆ ಜಿಇಆರ್, ಅಂದರೆ ಉನ್ನತ ಶಿಕ್ಷಣದ ಒಟ್ಟು ದಾಖಲಾತಿ ಪ್ರಮಾಣ, ಅಂತ ಒಂದು ಅಂಕಿ ತೋರಿಸುತ್ತಾರೆ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ದೇಶಕ್ಕೆ ಶೇಕಡಾ 28.4, ಕರ್ನಾಟಕಕ್ಕೆ 36.2. ಭಾಗಾಕಾರದ ಮೇಲೆ ಕಾಲೇಜುಗಳಲ್ಲಿ ದಾಖಲಾದವರು, ವಯಸ್ಸು ಎಷ್ಟಾದರೂ ಸರಿ. ಕೆಳಗೆ 18ರಿಂದ 23 ವರ್ಷದವರ ಜನಸಂಖ್ಯೆ. ದೇಶಕ್ಕೆ ಪರವಾಗಿಲ್ಲ. ತಾಲ್ಲೂಕಿಗೆ ಇಳಿಸಿದರೆ ಲೆಕ್ಕ ಕುಂಟುತ್ತದೆ. ಮೇಲಿನವರನ್ನು ಎಣಿಸಿದ್ದು ಕಾಲೇಜಿನ ಗೇಟಿನಲ್ಲಿ, ಕೆಳಗಿನವರನ್ನು ಮನೆ ಬಾಗಿಲಲ್ಲಿ!

ಶರಾವತಿಯನ್ನೇ ನೋಡಿ. ಹುಟ್ಟುವುದು ಅಂಬುತೀರ್ಥದಲ್ಲಿ, ನೀರು ನಿಲ್ಲುವುದು ಲಿಂಗನಮಕ್ಕಿಯಲ್ಲಿ. ಅಣೆಕಟ್ಟಿನ ನೀರು ಅಳೆದು "ಇಲ್ಲೇ ಇಷ್ಟು ಮಳೆ ಬಿತ್ತು" ಅಂದರೆ ಒಪ್ಪುತ್ತೀರಾ? ಶಿವಮೊಗ್ಗದ ಮಂಡಿಯಲ್ಲಿ ಮೂಟೆ ಎಣಿಸಿ, ಅಡಿಕೆ ಜಾಸ್ತಿ ಬೆಳೆಯುವುದು ಪೇಟೆಯಲ್ಲೇ ಅಂದ ಹಾಗಾಯಿತು. ಇನ್ನೊಂದು ಹೇಳದೆ ಇರಲಾರೆ: ಮಂಡಗದ್ದೆಗೆ ವಲಸೆ ಬಂದು ಗೂಡು ಕಟ್ಟಿದ ಹಕ್ಕಿಗಳನ್ನೆಲ್ಲ ಆ ಊರಿನ ಕೋಳಿಗಳ ಜೊತೆ ಸೇರಿಸಿ ಎಣಿಸಿದ ಹಾಗೆ. 1987ರಲ್ಲಿ ಶುರುವಾದ ಕುವೆಂಪು ವಿಶ್ವವಿದ್ಯಾಲಯ ಶಂಕರಘಟ್ಟದಲ್ಲಿದೆ. ಗೇಟಿನ ಲೆಕ್ಕ ಹಿಡಿದರೆ ಕಾಡಿನಂಚಿನ ಆ ಊರು ಜಗತ್ತಿನಲ್ಲೇ ಭಾರೀ ಓದಿದ ಊರು. ಹೊಸನಗರದ ಹುಡುಗಿ ಮೂಡುಬಿದಿರೆಯ ಹಾಸ್ಟೆಲ್ ಸೇರಿದರೆ ಘಟ್ಟದ ಕೆಳಗಿನವರ ಲೆಕ್ಕಕ್ಕೆ ಜಮಾ. ಚಂಡೀಗಢಕ್ಕೆ 64.8 ಬಂದಿದ್ದರಲ್ಲಿ ಪಂಜಾಬ್, ಹರಿಯಾಣದ ಮಕ್ಕಳ ಪಾಲೂ ಇದೆ.

ಇಂಗ್ಲೆಂಡಿನವರು 2005ರಲ್ಲಿ ಇದನ್ನು ತಿರುಗಿಸಿ ಹಾಕಿದರು. ಪೋಲಾರ್ ಅಂತ ಹೆಸರು. ಹುಡುಗ ಎಲ್ಲಿ ಓದುತ್ತಾನೆ ಅಂತ ಅಲ್ಲ, ಯಾವ ಮನೆಯಿಂದ ಹೊರಟ ಅಂತ ನೋಡಿದರು. 18 ತುಂಬಿದ ಒಂದು ತಂಡವನ್ನು ಹಿಡಿದು, 18 ಇಲ್ಲವೇ 19ನೇ ವಯಸ್ಸಿನಲ್ಲಿ ಎಷ್ಟು ಜನ ಕಾಲೇಜು ಸೇರಿದರು ಅಂತ ಎಣಿಸಿದರು. ಆಮೇಲೆ ಊರುಗಳನ್ನು ಸಾಲಾಗಿ ನಿಲ್ಲಿಸಿ ಐದು ಪಾಲು. ನಾಲ್ಕನೇ ಆವೃತ್ತಿಯಲ್ಲಿ ಐದು ವರ್ಷದ ತಂಡಗಳನ್ನು ಒಟ್ಟಿಗೆ ಕೂಡಿಸಿದರು. ಯಾಕೆ? ಒಂದು ಊರಲ್ಲಿ 18 ತುಂಬಿದವರು 10 ಮಂದಿ, ಹೋದವರು 4 ಅಂತಿಟ್ಟುಕೊಳ್ಳಿ. ಶೇಕಡಾ 40. ಮರುವರ್ಷವೂ ಹತ್ತೇ ಮಂದಿ, ಆದರೆ ಒಬ್ಬಳಿಗೆ ಮದುವೆಯಾಯಿತು, ಒಬ್ಬ ಬೆಂಗಳೂರಿನ ಬೇಕರಿ ಸೇರಿದ. ಶೇಕಡಾ 20. ನೀರು ಅದೇ! ಗುಡ್ಡಕ್ಕೊಂದು ಮನೆ ಇರುವ ನಮ್ಮಂಥ ಕಡೆ ಈ ತೊನೆದಾಟ ಇನ್ನೂ ಜಾಸ್ತಿ.

ಇಷ್ಟಾದರೂ ಊರಿನ ಸರಾಸರಿ ಮನೆಯ ಸುದ್ದಿ ಹೇಳುವುದಿಲ್ಲ. 1950ರಲ್ಲಿ ರಾಬಿನ್ಸನ್ ಎಂಬುವರು ಅಮೆರಿಕದ 1930ರ ಜನಗಣತಿ ಕೆದಕಿದರು. ವಲಸಿಗರು ಹೆಚ್ಚಿದ್ದ ರಾಜ್ಯಗಳಲ್ಲಿ ಅಕ್ಷರಸ್ಥರು ಹೆಚ್ಚು. ಒಬ್ಬೊಬ್ಬರನ್ನೇ ನೋಡಿದರೆ ಉಲ್ಟಾ, ವಲಸಿಗರಲ್ಲೇ ಅನಕ್ಷರಸ್ಥರು ಜಾಸ್ತಿ. ಅವರು ಹೋಗಿ ನೆಲೆಸಿದ್ದು ಓದಿದವರ ನಡುವೆ, ಅಷ್ಟೇ.

ಕಳೆದ ಸುಗ್ಗಿಯಲ್ಲಿ ನಮ್ಮ ಪರಿಚಯದವರ ತೋಟದ ಮನೆಗೆ ಹೋಗಿದ್ದೆ. ಚಪ್ಪರದ ಒಂದು ಮೂಲೆಯಲ್ಲಿ ಮನೆಯ ಹುಡುಗ, ಬೆಂಗಳೂರಿನಿಂದ ರಜೆಗೆ ಬಂದವನು, ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದ. ಇನ್ನೊಂದು ಮೂಲೆಯಲ್ಲಿ ಅವನದೇ ವಯಸ್ಸಿನ ಹುಡುಗಿ ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯುತ್ತಿದ್ದಳು. ಇಬ್ಬರ ಪಿನ್‌ಕೋಡೂ 577432. ಅವಳದು ಪಿಯುಸಿ ಆಗಿದೆಯಂತೆ. ಡಿಗ್ರಿ ಯಾಕೆ ಸೇರಲಿಲ್ಲ, ಹೆಣ್ಣುಮಕ್ಕಳಿಗೆ ಈಗ ಬಸ್ಸು ಫ್ರೀ ಅಲ್ವಾ ಅಂದೆ.

"ಫ್ರೀ ಇರೋದು ಸರ್ಕಾರಿ ಬಸ್ಸಲ್ಲಿ," ಅಂದಳು, ಕೈ ನಿಲ್ಲಿಸದೆ. "ನಮ್ಮೂರಿಗೆ ಬರೋದು ಪ್ರೈವೇಟ್."