ಕೈ ಅಳೆದರೆ ಸಾಲದು, ನಿಲ್ಲುವ ರೀತಿ ನೋಡಬೇಕು

"ನನ್ನ ಕೈ ಉದ್ದ ಇದೆ, ಹಾಗಾದ್ರೆ ನನಗೆ ಉದ್ದ ಸ್ಟಾಕ್ ಬೇಕಲ್ವಾ?" ರೈಫಲ್ ಹೊಂದಿಸಿಕೊಳ್ಳಲು ಬರುವವರು ಸ್ಟಾಕ್ (ಭುಜಕ್ಕೆ ಒತ್ತಿ ಹಿಡಿಯುವ ಹಿಂಬದಿಯ ಭಾಗ) ಬಗ್ಗೆ ಜಾಸ್ತಿ ಕೇಳುವ ಪ್ರಶ್ನೆ ಇದು. ಬೇಕಾಗಬಹುದು, ಬೇಡದೆಯೂ ಇರಬಹುದು. ನೀವು ಹೇಗೆ ನಿಂತು ಹೊಡೆಯುತ್ತೀರಿ ಅಂತ ಗೊತ್ತಾಗುವವರೆಗೆ ನಾನು ಟೇಪ್ ಹೊರಗೆ ತೆಗೆಯುವುದಿಲ್ಲ.

ಸ್ಟಾಕಿನ ಉದ್ದ ಅಂದರೆ ಟ್ರಿಗರ್‌ನಿಂದ ಬಟ್ಟಿನ (ಭುಜಕ್ಕೆ ತಾಗುವ ಸ್ಟಾಕಿನ ತುದಿ) ಹಿಂಭಾಗದ ನಡುವಿನವರೆಗಿನ ಅಳತೆ. ಕಾರ್ಖಾನೆಯಿಂದ ಬರುವ ಎಷ್ಟೋ ರೈಫಲ್‌ಗಳಲ್ಲಿ ಇದು 13.5 ಇಂಚಿನ ಆಸುಪಾಸು ಇರುತ್ತದೆ. ಇದನ್ನು ಪರೀಕ್ಷಿಸಲು ಒಂದು ಹಳೆಯ ವಿಧಾನ ಇದೆ: ಮೊಣಕೈ ಮಡಚಿ, ಬಟ್ಟನ್ನು ಮಡಿಕೆಗೆ ಒತ್ತಿ, ತೋರುಬೆರಳು ಟ್ರಿಗರ್ ಮುಟ್ಟುತ್ತದಾ ಅಂತ ನೋಡುವುದು. ಅದು ನಿಮ್ಮ ಮುಂಗೈ ಎಷ್ಟು ಉದ್ದ ಅಂತ ಹೇಳುತ್ತದೆ, ಅಷ್ಟೇ. ಕತ್ತು, ಎದೆಯ ಅಗಲ, ಭುಜ ಯಾವ ಕಡೆ ತಿರುಗಿದೆ ಅನ್ನುವುದು ಅದರಲ್ಲಿ ಎಲ್ಲೂ ಬರುವುದಿಲ್ಲ.

ಭುಜದ ಲೆಕ್ಕ ನೋಡೋಣ. ಬಲಗೈಯವರು ಅಂದುಕೊಳ್ಳಿ. ಎದೆಯನ್ನು ನೇರ ಗುರಿಯ ಕಡೆ ಇಟ್ಟು ನಿಂತರೆ ಎರಡೂ ಭುಜ ಗುರಿಯಿಂದ ಹೆಚ್ಚು ಕಡಿಮೆ ಒಂದೇ ದೂರದಲ್ಲಿರುತ್ತವೆ. ಆಗ ಮುಂದಿನ ಹಿಡಿಕೆ ತಲುಪಲು ಎಡಗೈ ಪೂರ್ತಿ ಚಾಚಬೇಕು, ಸ್ಟಾಕ್ ಉದ್ದವಾದಷ್ಟೂ ಆ ಕೈ ನೆಟ್ಟಗಾಗಿ ಬೇಗ ಸೋಲುತ್ತದೆ, ಅದನ್ನು ತಪ್ಪಿಸಲು ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ, ಬಟ್ಟು ಜಾರಿ ತೋಳಿನ ಮೇಲೆ ಹೋಗಿ ಕೂರುತ್ತದೆ. ಪಕ್ಕಕ್ಕೆ ತಿರುಗಿ ನಿಂತರೆ ಕಥೆಯೇ ಬೇರೆ. ಬಲಭುಜ ಹಿಂದೆ ಸರಿಯಿತು, ಎಡಭುಜ ಮುಂದೆ ಬಂತು, ಎಡಗೈಗೆ ಹಿಡಿಕೆ ಸುಲಭವಾಗಿ ಸಿಕ್ಕಿತು. ಈಗ ಅದೇ ಮನುಷ್ಯನಿಗೆ ಅದೇ ಸ್ಟಾಕ್ ಗಿಡ್ಡ ಅನ್ನಿಸಲು ಶುರುವಾಗುತ್ತದೆ. ಕೈ ಬೆಳೆದಿಲ್ಲ, ಪಾದ ತಿರುಗಿದೆ.

ರಕ್ಷಾ ಕವಚ ತೊಟ್ಟವರು ಕವಚದ ಫಲಕ ಎದುರಿಗೆ ಇರಲಿ ಅಂತ ಎದೆ ನೇರ ಮಾಡಿಯೇ ನಿಲ್ಲುತ್ತಾರೆ. ಜೊತೆಗೆ ಕವಚದ ದಪ್ಪ ಬೇರೆ. ಅವರಿಗೆ ಗಿಡ್ಡ ಸ್ಟಾಕೇ ಹಿತ. ಸೈನ್ಯದವರು ಬಳಸುವ ಎಂ4 ತರಹದ ಬಂದೂಕಿನಲ್ಲಿ ಸ್ಟಾಕ್ ಒಳಗೆ ಹೊರಗೆ ಸರಿಯುವ ಹಾಗೆ ಇರುವುದು ಇಂಥ ಕಡೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಮೈ ಅಳತೆಗೆ ತಕ್ಕ ಸ್ಟಾಕ್ ಅನ್ನುವುದೇನೂ ಹೊಸದಲ್ಲ ಬಿಡಿ, ಬ್ರಿಟಿಷ್ ಸೈನ್ಯದ ಹಳೆಯ ಲೀ-ಎನ್‌ಫೀಲ್ಡ್ ರೈಫಲ್‌ಗೆ ಅರ್ಧರ್ಧ ಇಂಚು ವ್ಯತ್ಯಾಸದ ನಾಲ್ಕು ಅಳತೆಯ ಬಟ್ಟು ಸಿಗುತ್ತಿತ್ತು.

ಮಲಗಿ ಹೊಡೆಯುವುದರಲ್ಲೂ ಎರಡು ಬಗೆ. ತೋಳಿಗೆ ಸ್ಲಿಂಗ್ (ರೈಫಲ್‌ನ ಪಟ್ಟಿ) ಕಟ್ಟಿಕೊಂಡು ಮೈಯನ್ನು ಸ್ವಲ್ಪ ಓರೆ ಮಾಡಿ ಮಲಗುವವರಿಗೆ ಉದ್ದ ಸ್ಟಾಕ್ ಒಗ್ಗುತ್ತದೆ, ಮಲಗಿದಾಗ ತಲೆ ಮುಂದಕ್ಕೆ ಹೋಗುತ್ತದಲ್ಲ, ಅದೂ ಒಂದು ಕಾರಣ. ಬೈಪಾಡ್ (ಎರಡು ಕಾಲಿನ ಆಸರೆ) ಇಟ್ಟು ರೈಫಲ್ ಹಿಂದೆ ನೇರ ಮಲಗುವವರ ಭುಜ ಗುರಿಗೆ ಎದುರಾಗಿರುತ್ತದೆ. ಅವರಿಗೆ ಅದಕ್ಕಿಂತ ಗಿಡ್ಡ ಸಾಕು.

ಈ ಲೆಕ್ಕವನ್ನು ಕಣ್ಣು ಮುಚ್ಚಿ ನಂಬಬೇಡಿ ಮಾತ್ರ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯವರನ್ನು ನೋಡಿ. ಪೂರ್ತಿ ಪಕ್ಕಕ್ಕೆ ತಿರುಗಿ ನಿಲ್ಲುತ್ತಾರೆ. ಹಾಗಾದರೆ ಸ್ಟಾಕ್ ತುಂಬಾ ಉದ್ದ ಇರಬೇಕಲ್ವಾ? ಇಲ್ಲ. ಎಡ ಮೊಣಕೈಯನ್ನು ಸೊಂಟದ ಎಲುಬಿನ ಮೇಲೆ ಊರಿ, ಬೆನ್ನು ಹಿಂದಕ್ಕೆ ಬಾಗಿಸಿ, ರೈಫಲ್‌ನ ಭಾರವನ್ನೆಲ್ಲ ಮೈಗೆ ಹತ್ತಿರ ತಂದುಕೊಳ್ಳುತ್ತಾರೆ. ನಿಯಮದ ಪ್ರಕಾರ ಆ ರೈಫಲ್ 5.5 ಕಿಲೋ ತನಕ ತೂಗಬಹುದು, ಅಷ್ಟು ಭಾರ ಮೈಯಿಂದ ದೂರ ಇದ್ದರೆ ಸೊಂಟಕ್ಕೆ ಕಷ್ಟ. ಅದಕ್ಕೇ ಮೂರು ಭಂಗಿಯಲ್ಲಿ (ಮಂಡಿಯೂರಿ, ಮಲಗಿ, ನಿಂತು) ಹೊಡೆಯುವವರು ಸಾಮಾನ್ಯವಾಗಿ ನಿಲ್ಲುವಾಗ ಬಟ್ಟನ್ನು ಒಳಗೆ ಸರಿಸುತ್ತಾರೆ, ಮಲಗುವಾಗ ಹೊರಗೆ ಎಳೆಯುತ್ತಾರೆ. ಹಾಗೆ ಸರಿಸುವ ಸೌಲಭ್ಯ ಇಲ್ಲದ ಮರದ ಸ್ಟಾಕಾದರೆ ಯಾವ ಭಂಗಿಯಲ್ಲಿ ಜಾಸ್ತಿ ಹೊಡೆಯುತ್ತೀರೋ ಅದಕ್ಕೆ ಹೊಂದಿಸಿ. ಎಲ್ಲದಕ್ಕೂ ನಡುವಿನ ಅಳತೆ ಇಟ್ಟರೆ ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ.

ಪರೀಕ್ಷೆ ಸುಲಭ. ರೈಫಲ್ ಖಾಲಿ ಇದೆಯೇ ಅಂತ ಚೇಂಬರ್ (ಗುಂಡು ಕೂರುವ ಜಾಗ) ತೆರೆದು ನೋಡಿ. ಸುರಕ್ಷಿತ ದಿಕ್ಕಿಗೆ ತಿರುಗಿ ನಿಮ್ಮ ಮಾಮೂಲಿ ಭಂಗಿಯಲ್ಲಿ, ಮಾಮೂಲಿ ಜಾಕೆಟ್ ತೊಟ್ಟು ನಿಲ್ಲಿ. ಕಣ್ಣು ಮುಚ್ಚಿ ರೈಫಲ್ ಭುಜಕ್ಕೇರಿಸಿ, ಆಮೇಲೆ ಕಣ್ಣು ಬಿಡಿ. ಏರಿಸುವಾಗ ಬಟ್ಟು ಕಂಕುಳಿಗೆ ಸಿಕ್ಕಿಕೊಂಡಿತಾ? ಸ್ಕೋಪಿನ (ಗುರಿ ನೋಡುವ ದುರ್ಬೀನು) ಚಿತ್ರ ತುಂಬಿಸಲು ಕತ್ತು ಮುಂದೆ ಚಾಚಬೇಕಾಯಿತಾ? ಉದ್ದ ಜಾಸ್ತಿ ಇದೆ ಅಂತ ಅನುಮಾನಿಸಿ. ಹೆಬ್ಬೆರಳು ಮೂಗಿಗೆ ತಗಲುವಷ್ಟು ಹತ್ತಿರ ಬಂದು, ಕತ್ತು ಕುಗ್ಗಿಸಿಕೊಂಡಂತೆ ಆಗಿದ್ದರೆ ಗಿಡ್ಡ. ಮೂಗಿಗೂ ಹೆಬ್ಬೆರಳಿಗೂ ನಡುವೆ ಎರಡು ಬೆರಳಿನಷ್ಟು ಜಾಗ ಇರಲಿ. ಜಾಸ್ತಿ ಒದೆಯುವ ರೈಫಲ್ ಆದರೆ ಇನ್ನೂ ಸ್ವಲ್ಪ.

ಉದ್ದ ಮಾಡಲು ಸ್ಪೇಸರ್ (ಬಟ್ಟಿಗೆ ಸೇರಿಸುವ ತೆಳು ಬಿಲ್ಲೆ) ಹಾಕಿ ನೋಡಿ, ಒಂದೊಂದಾಗಿ. ಮರ ಕತ್ತರಿಸುವ ಆತುರ ಬೇಡ, ಕತ್ತರಿಸಿದ್ದು ಮತ್ತೆ ಅಂಟುವುದಿಲ್ಲ. ಸ್ಕೋಪನ್ನು ಮಾತ್ರ ಸ್ಟಾಕ್ ಹೊಂದಿಸಿದ ಮೇಲೆಯೇ ಹಿಂದೆ ಮುಂದೆ ಸರಿಸಿ. ಎಷ್ಟೋ ಜನ ಉಲ್ಟಾ ಮಾಡುತ್ತಾರೆ, ಮೊದಲು ಸ್ಕೋಪ್ ಬಿಗಿದು ಅದಕ್ಕೆ ಕಣ್ಣು ತಲುಪಲಿ ಅಂತ ಸ್ಟಾಕ್ ಗಿಡ್ಡ ಮಾಡಿಸುತ್ತಾರೆ, ಆಮೇಲೆ ರೈಫಲ್ ಒದ್ದಾಗ ಸ್ಕೋಪ್ ಬಡಿದು ಹುಬ್ಬಿಗೆ ಪೆಟ್ಟು ಬಿತ್ತು ಅಂತ ವಾಪಸ್ ಬರುತ್ತಾರೆ.